ಫಿಲ್ಟರ್ ಹಿಟ್ಟು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಚಮಚ. ಚಮಚ ಇದ್ದದ್ದಲ್ಲ, ಅದರ ಹೆಸರೆತ್ತದೆ ಹೋದದ್ದು.

ಗುಜರಿ ಅಂಗಡಿಯ ಯಜಮಾನ ಬೆಳಿಗ್ಗೆ ಕಾರಿನೊಳಗೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ಮಾತಾಡುತ್ತಿದ್ದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಕೂತಿದ್ದರು. ಅವರ ಕಣ್ಣಿನ ಆಪರೇಷನ್ ಆ ದಿನವೇ. "ಹೊತ್ತಾಯ್ತು ಕಣೋ, ಡಾಕ್ಟರು ಬೇರೆ ಯಾರದ್ದಾದರೂ ಕಣ್ಣು ಬಿಚ್ಚಿ ಮನೆಗೆ ಹೋಗಿಬಿಡ್ತಾರೆ" ಎಂದು ಆಕೆ ಗಳಿಗೆಗೊಮ್ಮೆ ಎಚ್ಚರಿಸುತ್ತಿದ್ದರು. ಹಾಗಾಗಿ ಯಜಮಾನ ಹೇಳಬೇಕಾದದ್ದನ್ನೆಲ್ಲ ಗಂಟು ಕಟ್ಟಿ ಎಸೆದಂತೆ ಹೇಳಿದ.

"ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಗಾಡಿಗಳ ಹೊಗೆ ಫಿಲ್ಟರ್ ಬಿದ್ದಿವೆ. ನಿನ್ನೆ ತೋರಿಸಿದ ಹಾಗೆ ಎಲ್ಲ ವಿಂಗಡಿಸಿಡು. ಸಾಯಂಕಾಲ ಕೊಳ್ಳೋ ಸಾಹೇಬರು ಬರ್ತಾರೆ. ಅವರ ಹತ್ರ ಪರೀಕ್ಷೆ ಮಾಡೋ ಯಂತ್ರ ಇದೆ, ಅದಕ್ಕೆ ಪುಡಿ ಬೇಕು. ಪುಡಿ ಮಾಡಿಟ್ಟಿರು. ಫೋನ್ ಮಾಡಬೇಡ, ಆಸ್ಪತ್ರೆಯಲ್ಲಿ ಬಂದ್ ಮಾಡಿರ್ತೀನಿ. ಇವತ್ತಿನ ಕೆಲಸ ಸರಿಹೋದ್ರೆ ನಾನು ನಿನ್ನ ಕಾಯಂ ಮಾಡ್ಕೋತೀನಿ. ಗೊತ್ತಾಯ್ತಾ?"

"ಗೊತ್ತಾಯ್ತು ಯಜಮಾನ್ರೇ," ಎಂದ ಎದುರು ನಿಂತಿದ್ದ ಹೊಸ ಆಳು.

ಕಾರು ಹೊರಟಿತು. ಗೊತ್ತಾಗಿದ್ದದ್ದು ಕೊನೆಯ ಮಾತು ಒಂದೇ.

ಅವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಗಿರಣಿ ಅಳಿಯ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಮದುವೆಯ ಕಾಗದದಲ್ಲಿ ಉಳಿದಿತ್ತು, ಜನರ ಬಾಯಲ್ಲಿ ಉಳಿದಿರಲಿಲ್ಲ. ಮಾವನದು ಹಿಟ್ಟಿನ ಗಿರಣಿ. ಮದುವೆಯಾಗಿ ಬಂದು ಮಾವನ ಮನೆಯಲ್ಲೇ ಉಂಡು, ಮಾವನ ಗಿರಣಿಯಲ್ಲೇ ದುಡಿದು, ಮಾವನ ಬಾಯಲ್ಲೇ ಬೈಸಿಕೊಳ್ಳುತ್ತಿದ್ದ. ಮಾವ ಸಭ್ಯಸ್ಥರು. ಬೈಯುವುದಿದ್ದರೂ ಬಹುವಚನದಲ್ಲೇ ಬೈಯುತ್ತಿದ್ದರು. "ಅಳಿಯಂದಿರೇ, ತಾವು ಜರಡಿ ಹಿಡಿಯೋದು ನೋಡಿದ್ರೆ ಆ ಜರಡಿಗೇ ನಾಚಿಕೆ ಆಗುತ್ತೆ." "ಅಳಿಯಂದಿರೇ, ತಾವು ಕಟ್ಟಿದ ಗಂಟನ್ನ ಚೀಲ ಬಿಚ್ಚಿಕೊಂಡು ನಗ್ತಾ ಇದೆ." ಗಿರಾಕಿಗಳ ಮುಂದೆ ಹೀಗೆ ಮರ್ಯಾದೆ ಕೊಟ್ಟು ಕೊಟ್ಟು ಅವನ ಮಾನ ತೆಗೆಯುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಇದು ಇನ್ನೂ ಹೆಚ್ಚಾಯಿತು. ಮೊದಲು ಮಾವನ ಬೈಗುಳ ಮನೆಯೊಳಗೆ ಅರ್ಧ, ಗಿರಣಿಯಲ್ಲಿ ಅರ್ಧ ಹಂಚಿಹೋಗುತ್ತಿತ್ತು. ಈಗ ಪೂರ್ತಿ ಪಾಲು ಅಳಿಯನಿಗೇ ಬಂತು. ಅವರು ಮನೆಯಲ್ಲಿ ಮಲಗುವುದನ್ನೇ ಬಿಟ್ಟು ಗಿರಣಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದರು. ಸದ್ದಿಲ್ಲದ ಕಡೆ ಅವರಿಗೆ ಕಣ್ಣು ಹತ್ತುತ್ತಿರಲಿಲ್ಲ. ಊಟವಾದ ಮೇಲೆ ಮಗಳು ಗಿರಣಿ ಹಾಕಬೇಕು, ಕಲ್ಲು ಗುಡುಗುಟ್ಟಬೇಕು, ಆಗ ಅವರಿಗೆ ನಿದ್ದೆ. ದುಃಖಕ್ಕೆ ದೇವರು ಒಬ್ಬೊಬ್ಬರಿಗೆ ಒಂದೊಂದು ಮದ್ದು ಇಟ್ಟಿರುತ್ತಾನೆ.

ಇದೆಲ್ಲ ಅಳಿಯನಿಗೂ ಅರ್ಥವಾಗುತ್ತಿತ್ತು. ಆದರೆ ಅರ್ಥವಾದ ಮಾತ್ರಕ್ಕೆ ಬೈಗುಳ ಹಗುರವಾಗುವುದಿಲ್ಲ. ಗುಜರಿ ಯಜಮಾನ ಒಬ್ಬ ನಂಬಿಕೆಯ ಆಳನ್ನು ಹುಡುಕುತ್ತಿದ್ದಾನೆಂದು ಕೇಳಿದ್ದೇ ತಡ, ಹೋಗಿ ಅವನ ಮುಂದೆ ನಿಂತುಬಿಟ್ಟ. ಬೇರೊಬ್ಬರ ಕೈಕೆಳಗೆ, ಬೇರೆ ಛಾವಣಿಯ ಕೆಳಗೆ, ಮಾವನ ದನಿ ತಲುಪದ ಕಡೆ ಒಂದು ಕೆಲಸ. ಅವನು ಬೇಡಿದ್ದು ಇಷ್ಟೇ.

ಮಾವ ಬೇಡವೆನ್ನಲಿಲ್ಲ. "ಹೋಗಿ ಬನ್ನಿ," ಎಂದರು. "ಬನ್ನಿ" ಎಂಬುದನ್ನು ಸ್ವಲ್ಪ ಒತ್ತಿ ಹೇಳಿದರು.

ಶೆಡ್ಡಿನಲ್ಲಿ ತಗಡಿನ ಡಬ್ಬಿಗಳು ರಾಶಿ ಬಿದ್ದಿದ್ದವು. ಡೀಸೆಲ್ ಗಾಡಿಯ ಹೊಗೆ ಕೊಳವೆಯ ನಡುವೆ ಇಂಥ ಡಬ್ಬಿ ಇರುತ್ತದೆ. ಒಳಗೆ ಜೇನುಹುಟ್ಟಿನಂತೆ ತೂತು ತೂತಾದ ಪಿಂಗಾಣಿಯ ಗಟ್ಟಿ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆ ಪಿಂಗಾಣಿಯ ಮೇಲೆ ಪ್ಲಾಟಿನಮ್ಮಿನ ಲೇಪ ಇರುವುದುಂಟು, ಇಲ್ಲದಿರುವುದೂ ಉಂಟು. ಇದ್ದರೆ ಗುಜರಿಯವನಿಗೆ ಹಬ್ಬ, ಇಲ್ಲದಿದ್ದರೆ ಬರೀ ಭಾರ.

ಹಿಂದಿನ ಸಂಜೆ ಯಜಮಾನ ಕಲಿಸಿದ ಪಾಠ ಹೀಗಿತ್ತು: ಡಬ್ಬಿಯನ್ನು ಆಕಾಶಕ್ಕೆ ಹಿಡಿದು ಒಂದು ಕಡೆಯಿಂದ ನೋಡಬೇಕು. ತೂತುಗಳಲ್ಲಿ ಬೆಳಕು ಕಂಡರೆ ಅದು ಫಿಲ್ಟರಿನ ಮುಂದೆ ಕೂರುವ ಗೂಡು, ಅದಕ್ಕೆ ಬೆಲೆ ಜಾಸ್ತಿ. ಬೆಳಕು ಕಾಣದಿದ್ದರೆ ಅದು ಫಿಲ್ಟರ್. ಫಿಲ್ಟರಿನಲ್ಲೂ ಎರಡು ಜಾತಿ. ಮಸಿ ಹಿಡಿದ ಮೇಲೆ ಎರಡೂ ಕಪ್ಪೇ. ಮೊಳೆಯಿಂದ ಕೆರೆದು ನೋಡಬೇಕು. ಬಿಸ್ಕತ್ತಿನ ಬಣ್ಣ ಬಂದರೆ ಒಂದು ಜಾತಿ. ಎಷ್ಟು ಕೆರೆದರೂ ಮೊಳೆಯೇ ಸವೆದರೆ ಇನ್ನೊಂದು. "ಕರೀದು ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ," ಎಂದಿದ್ದ ಯಜಮಾನ. ಡಬ್ಬಿಯ ಮೇಲೆ ಒತ್ತಿರುವ ನಂಬರನ್ನು ಅಳಿಸಬಾರದು, ಯಾವ ಗಾಡಿಯದೆಂದು ಸಾಹೇಬರು ಅದರಿಂದಲೇ ತಿಳಿಯುತ್ತಾರೆ ಎಂದೂ ಹೇಳಿದ್ದ.

ಅಳಿಯ ಮೊದಲ ಡಬ್ಬಿಯನ್ನು ಬಲಗಣ್ಣಿಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಕಣ್ಣಿನದೇ ತಪ್ಪಿರಬಹುದೆಂದು ಎಡಗಣ್ಣಿಗೆ ಹಿಡಿದ. ಆಗಲೂ ಕಾಣಲಿಲ್ಲ. ಹೀಗೆ ಪ್ರತಿಯೊಂದನ್ನೂ ಎರಡೆರಡು ಸಾರಿ ಪರೀಕ್ಷಿಸಿದ. ಅರ್ಧ ರಾಶಿ ಮುಗಿಯುವ ಹೊತ್ತಿಗೆ ಎರಡು ಕಣ್ಣಿನ ಸುತ್ತಲೂ ಮಸಿಯ ಬಳೆ ಮೂಡಿ, ಗಾಜಿಲ್ಲದ ಕನ್ನಡಕ ಹಾಕಿಕೊಂಡವನಂತೆ ಕಾಣುತ್ತಿದ್ದ.

ಪಕ್ಕದ ಪಂಕ್ಚರ್ ಅಂಗಡಿಯವನು ಇಣುಕಿದ. "ಏನಪ್ಪಾ ಅಳಿಯ, ದೂರದರ್ಶಕ ಹಿಡಕೊಂಡು ಯಾವ ಹಡಗು ಹುಡುಕ್ತಾ ಇದೀಯ?"

"ಬೆಳಕು ಹುಡುಕ್ತಾ ಇದೀನಿ."

"ಎಲ್ಲರೂ ಹುಡುಕೋದು ಅದನ್ನೇ ಬಿಡು," ಎಂದು ಅವನು ಒಂದು ಟೈರು ಉರುಳಿಸಿಕೊಂಡು ಬಂದು ಅದರ ಮೇಲೆ ಕೂತ.

ಎದುರು ಮನೆಯ ದರ್ಜಿಗೆ ಎರಡು ಜನ ಒಂದು ಕಡೆ ಸೇರಿದ್ದು ಕಂಡರೆ ಕತ್ತರಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕೊರಳಿಗೆ ಟೇಪು ನೇತುಹಾಕಿಕೊಂಡೇ ಅವನೂ ಬಂದ. ಬಂದವನು ಒಂದು ಡಬ್ಬಿಯನ್ನೆತ್ತಿ ಸುತ್ತಳತೆ ತೆಗೆದ. ಯಾಕೆ ತೆಗೆದನೋ ಅವನಿಗೂ ಗೊತ್ತಿರಲಿಲ್ಲ, ಕೈ ಅಭ್ಯಾಸ.

ಮಧ್ಯಾಹ್ನದ ಹೊತ್ತಿಗೆ ಮೂರು ರಾಶಿಗಳಾದವು. ಬೆಳಕು ಕಂಡವು ಒಂದು, ಬಿಸ್ಕತ್ತು ಬಣ್ಣದವು ಒಂದು, ಮೊಳೆ ತಿಂದವು ಒಂದು. ಅಳಿಯ ಸೊಂಟಕ್ಕೆ ಕೈಯಿಟ್ಟು ನೋಡಿದ. ಇಷ್ಟು ನೆಟ್ಟಗೆ ತನ್ನ ಕೈಯಿಂದ ಒಂದು ಕೆಲಸ ಆಯಿತೆಂದು ಅವನಿಗೇ ನಂಬಿಕೆ ಬರಲಿಲ್ಲ.

"ಇನ್ನು ಪುಡಿ ಮಾಡೋದು ಉಳೀತು," ಎಂದ.

"ಎಷ್ಟು ಪುಡಿ?" ಎಂದು ಕೇಳಿದ ಪಂಕ್ಚರಿನವನು.

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದು ಬಿದ್ದದ್ದು ಗಿರಣಿಯವನ ಕಿವಿಗೆ. ಗಿರಣಿಗೆ ಬಂದವರು ಯಾರೂ ಒಂದು ಚಮಚ ಹಿಟ್ಟು ಮಾಡಿಕೊಡಿ ಎಂದು ಕೇಳಿದ್ದನ್ನು ಅವನು ಕಂಡಿರಲಿಲ್ಲ. ತಂದದ್ದನ್ನೆಲ್ಲ ಸುರಿಯುವುದು, ಬಂದದ್ದನ್ನೆಲ್ಲ ತುಂಬುವುದು, ಅಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ.

"ಎಷ್ಟು ಅಂದ್ರೆ? ಇರೋದೆಲ್ಲ. ಸಾಹೇಬರು ಕೊಂಡುಕೊಳ್ಳೋದು ಪುಡೀನ ತಾನೇ?"

"ಮತ್ತೆ ಡಬ್ಬಿ ಮೇಲಿನ ನಂಬರ್ ಯಾಕೆ ಉಳಿಸ್ಕೊಳ್ಳೋಕೆ ಹೇಳಿದ್ರು?"

ದರ್ಜಿ ಅವನ ಬಾಯಿ ಮುಚ್ಚಿಸಿದ. "ನೀನು ಗಾಳಿ ತುಂಬೋನು, ಗಾಳಿ ತುಂಬು. ಬಟ್ಟೆ ತಗೊಂಡು ಹೋಗೋರು ಶರ್ಟು ಒಯ್ತಾರೋ, ದಾರದ ಉಂಡೆ ಒಯ್ತಾರೋ? ಬೆಲೆ ಇರೋದು ಒಳಗಿನ ಸರಕಿಗೆ. ಡಬ್ಬಿ ಬರೀ ತಗಡು."

ಇದರಲ್ಲಿ ಶರ್ಟು ಯಾವುದು, ದಾರ ಯಾವುದು ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ತಗಡು ಕತ್ತರಿಸಿ ಗಟ್ಟಿಗಳನ್ನು ಹೊರತೆಗೆದರು. ಪಂಕ್ಚರಿನವನು ದೊಡ್ಡ ಸುತ್ತಿಗೆ ತಂದು ಒಂದು ಏಟು ಹಾಕಿದ. ಮಸಿ ಮೋಡದಂತೆ ಎದ್ದು ಮೂವರ ಮೇಲೂ ಸುರಿಯಿತು. ದರ್ಜಿಯ ಬಿಳಿ ಅಂಗಿಗೆ ಹೊಸ ಬಣ್ಣ ಬಂತು. ಪಂಕ್ಚರಿನವನು ಮೂಗೆತ್ತಿ, ಕಣ್ಣು ಮುಚ್ಚಿ, ದೊಡ್ಡದೊಂದು ಸೀನಿಗೆ ಸಿದ್ಧನಾದ.

"ಸೀನಬೇಡ!" ಎಂದು ಕೂಗಿದ ಅಳಿಯ. "ಪ್ಲಾಟಿನಂ ಹಾರಿಹೋಗುತ್ತೆ!"

ಅವನು ಸೀನಿಯೇಬಿಟ್ಟ. ದರ್ಜಿ ಗಾಳಿಯಲ್ಲಿ ಹಾರಿದ್ದನ್ನು ಅಂಗೈಯಲ್ಲಿ ಹಿಡಿಯಲು ನೋಡಿದ. "ಇದೊಂದು ಸೀನಿಗೆ ನಿನ್ನ ಅಂಗಡಿಯ ಎಲ್ಲ ಟೈರೂ ಸಾಲದು," ಎಂದು ಬೈದ.

ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಟ್ಟಿದರು. ತೋಳು ಬಿದ್ದುಹೋಗುವವರೆಗೆ ಕುಟ್ಟಿದರೂ ಗಟ್ಟಿಗಳು ಕಡಲೆಕಾಳಿನ ಗಾತ್ರಕ್ಕಿಂತ ಸಣ್ಣದಾಗಲಿಲ್ಲ.

"ಇದು ಪುಡಿಯಲ್ಲ, ನುಚ್ಚು," ಎಂದ ದರ್ಜಿ.

ನುಚ್ಚು ಎಂಬ ಮಾತು ಕಿವಿಗೆ ಬಿದ್ದದ್ದೇ ಅಳಿಯನ ಮುಖ ಅರಳಿತು. ಆ ಮಸಿಯ ಕನ್ನಡಕದೊಳಗೆ ಎರಡು ಕಣ್ಣು ದೀಪದಂತೆ ಹೊಳೆದವು. "ನುಚ್ಚನ್ನ ಹಿಟ್ಟು ಮಾಡೋದು ನನಗೆ ಯಾರಾದ್ರೂ ಹೇಳಿಕೊಡಬೇಕಾ?" ಎಂದ.

ತಳ್ಳುಗಾಡಿಯಲ್ಲಿ ಚೀಲಗಳನ್ನು ಹೇರಿದರು. ಪಂಕ್ಚರಿನವನನ್ನು ಗುಜರಿ ಅಂಗಡಿಯ ಕಾವಲಿಗೆ ಕೂರಿಸಿ ದರ್ಜಿಯೂ ಗಾಡಿಗೆ ಕೈ ಕೊಟ್ಟ. ಹೋಗುವ ದಾರಿಯುದ್ದಕ್ಕೂ ಜನ ಅವರಿಬ್ಬರ ಮುಖ ನೋಡಿ, "ಎಲ್ಲಿ ಬೆಂಕಿ ಬಿದ್ದಿದೆ?" ಎಂದು ಕೇಳುತ್ತಿದ್ದರು.

ಗಿರಣಿಯಲ್ಲಿ ಹೆಂಡತಿ ಒಬ್ಬಳೇ ಇದ್ದಳು. ಕಲ್ಲು ತಿರುಗುತ್ತಿತ್ತು. ಮೇಲಿನ ಡಬ್ಬದಲ್ಲಿ ಬೇಕರಿ ಅಕ್ಕನ ಗೋಧಿ ಸಣ್ಣಗೆ ಇಳಿಯುತ್ತಿತ್ತು. ಹಿಂದಿನ ಕೋಣೆಯಿಂದ ಮಾವನ ಗೊರಕೆ ಗಿರಣಿಯ ಸದ್ದಿಗೆ ತಾಳ ಹಾಕುತ್ತಿತ್ತು.

"ಅಯ್ಯೋ! ಕಣ್ಣಿಗೆ ಯಾರ್ರೀ ಹೊಡೆದಿದ್ದು? ಅದೂ ಎರಡಕ್ಕೂ!"

"ಯಾರೂ ಹೊಡೆದಿಲ್ಲ, ಮಸಿ. ಸ್ವಲ್ಪ ಗಿರಣಿ ಬೇಕಿತ್ತು ಕಣೇ. ಈ ನುಚ್ಚು ಪುಡಿಯಾದ್ರೆ ಕೆಲಸ ಕಾಯಂ."

ಹೆಂಡತಿ ಚೀಲದ ಬಾಯಿ ಬಿಡಿಸಿ ನೋಡಿದಳು, ಗಂಡನ ಮುಖ ನೋಡಿದಳು, ಕೋಣೆಯ ಕಡೆ ನೋಡಿದಳು. ಅಪ್ಪ ಹೇಳಿದ್ದನ್ನು ಗಂಡನಿಗೆ ತಗ್ಗಿಸಿ ಹೇಳುವುದು, ಗಂಡ ಗೊಣಗಿದ್ದನ್ನು ಅಪ್ಪನಿಗೆ ಹೇಳದೆ ನುಂಗುವುದು, ಈ ಕೆಲಸ ಮಾಡಿ ಮಾಡಿ ಆಕೆಗೂ ಸಾಕಾಗಿತ್ತು. "ಮಾಡಿ. ಆದ್ರೆ ಗಿರಣಿ ನಿಲ್ಲಿಸೋ ಹಾಗಿಲ್ಲ. ಸದ್ದು ನಿಂತರೆ ಅಪ್ಪ ಎದ್ದುಬಿಡ್ತಾರೆ. ಓಡ್ತಾ ಇರೋವಾಗಲೇ ಸುರೀಬೇಕು."

"ಒಳಗೆ ಗೋಧಿ ಇದೆಯಲ್ಲ?"

"ಮುಗಿಯೋಕೆ ಬಂದಿದೆ. ಮೇಲಿಂದ ಸುರಿದ್ರೆ ಮೊದಲು ಗೋಧಿ ಹೋಗುತ್ತೆ, ಆಮೇಲೆ ನಿಮ್ಮದು. ಮೊದಲು ಬಂದೋರಿಗೆ ಮೊದಲು."

ಜನ ಸಾಲಿನಲ್ಲಿ ನಿಂತಂತೆ ಕಾಳೂ ನಿಲ್ಲುತ್ತದೆಂದು ಆಕೆ ನಂಬಿದ್ದಳು. ಅಳಿಯ ಬಿಸ್ಕತ್ತು ಬಣ್ಣದ ನುಚ್ಚನ್ನು ಸುರಿದ. ಕಲ್ಲು ಸ್ವಲ್ಪ ಗಂಟಲು ಸರಿಪಡಿಸಿಕೊಂಡಿತೇ ಹೊರತು ತಕರಾರು ಮಾಡಲಿಲ್ಲ. ಕೆಳಗಿನ ಬಾಯಿಯಿಂದ ನುಣ್ಣನೆಯ ಬೂದು ಪುಡಿ ಇಳಿಯಿತು. ಬೆಳಕು ಕಂಡ ಗೂಡುಗಳ ನುಚ್ಚೂ ಹಾಗೆಯೇ ಇಳಿಯಿತು. ಅಳಿಯ ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಇಷ್ಟು ನುಣುಪಾದ ಹಿಟ್ಟನ್ನು ಅವನು ಗೋಧಿಯಲ್ಲೂ ತೆಗೆದಿರಲಿಲ್ಲ. ಒಂದು ಗಳಿಗೆ ಅವನಿಗೆ ಮಾವನನ್ನು ಎಬ್ಬಿಸಿ ತೋರಿಸಬೇಕೆನಿಸಿತು.

ಅದರ ಅಗತ್ಯ ಬೀಳಲಿಲ್ಲ. ಕೆಲಸ ಸಲೀಸಾಗಿ ಸಾಗುತ್ತಿದ್ದದ್ದನ್ನು ಕಂಡು ದರ್ಜಿಗೆ ಕೈ ಕಟ್ಟಿ ನಿಲ್ಲಲು ಬೇಸರವಾಯಿತು. ಮೊಳೆ ತಿಂದ ಕರಿಯ ನುಚ್ಚಿನ ಚೀಲವನ್ನೆತ್ತಿ ಪೂರ್ತಿಯಾಗಿ ಬೋರಲು ಹಾಕಿದ.

ಗಿರಣಿ ಒಂದು ಸಲ ಉಸಿರು ಹಿಡಿಯಿತು. ಆಮೇಲೆ ಕಿರುಚಿತು. ನೂರು ಬೆಕ್ಕುಗಳ ಬಾಲವನ್ನು ಒಟ್ಟಿಗೆ ತುಳಿದಂಥ ಕಿರುಚಾಟ. ಕಲ್ಲುಗಳ ನಡುವಿನಿಂದ ಕಿಡಿ ಹಾರಿತು, ಬೆಲ್ಟಿನಿಂದ ಹೊಗೆ ಎದ್ದಿತು.

ಗಿರಣಿಯವನಿಗೆ ಗಿರಣಿಯ ಸದ್ದು ಜೋಗುಳ. ಆದರೆ ಜೋಗುಳದ ನಡುವೆ ತಾಯಿಯ ದನಿ ಬದಲಾದರೆ ಕೂಸು ಏಳದೆ ಇರುತ್ತದೆಯೇ? ಕೋಣೆಯ ಬಾಗಿಲು ತೆರೆಯಿತು. ಮಾವ ಬಂದು ಸ್ವಿಚ್ಚು ಆರಿಸಿದರು. ಬೀದಿಯಿಡೀ ಮೌನವಾಯಿತು.

ಮಾವ ಮೇಲಿನ ಕಲ್ಲನ್ನು ಎತ್ತಿಸಿ ಅಡಿಯನ್ನು ತಡವಿದರು. ಉಳಿಯಿಂದ ಹೊಡೆಸಿದ್ದ ಗೀರುಗಳೆಲ್ಲ ಮಾಯವಾಗಿ, ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಅತ್ತೆ ಮನೆ ತುಂಬಿದ ಕಾಲದಲ್ಲಿ ತಂದ ಕಲ್ಲು ಅದು. ಅವರು ಬಹಳ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡೇ ನಿಂತರು. ಅಳಿಯನಿಗೆ ಬೈಗುಳವೇ ಎಷ್ಟೋ ವಾಸಿ ಎನಿಸಿತು.

ಅದೇ ಗಳಿಗೆಗೆ ಬೇಕರಿ ಅಕ್ಕ ಹಿಟ್ಟು ಒಯ್ಯಲು ಬಂದಳು. ತನ್ನ ಚೀಲದಲ್ಲಿ ಕೈ ಹಾಕಿ ಎತ್ತಿ ನೋಡಿದಳು.

"ಇದೇನು ಹಿಟ್ಟೋ ಸಿಮೆಂಟೋ? ನಾನು ಬ್ರೆಡ್ ಮಾಡಬೇಕೋ, ಗೋಡೆ ಕಟ್ಟಬೇಕೋ?"

"ಅಕ್ಕಾ, ಅದರಲ್ಲಿ ಪ್ಲಾಟಿನಂ ಇದೆ," ಎಂದ ದರ್ಜಿ, ಸಮಾಧಾನ ಹೇಳುವವನಂತೆ.

"ನಿನ್ನ ತಲೆಯಲ್ಲೂ ಏನಾದ್ರೂ ಇದ್ದಿದ್ರೆ ಚೆನ್ನಾಗಿತ್ತು! ಇದನ್ನ ತಿಂದ್ರೆ ಜನ ಉಳೀತಾರಾ?"

ಮಾವ ಮಾತಾಡಿದರು. "ಅದನ್ನ ಯಾರೂ ತಿನ್ನೋದು ಬೇಡಮ್ಮ, ಇಲ್ಲೇ ಬಿಡು. ನಿನ್ನ ಗೋಧಿಗೆ ಗೋಧಿ ನಾನು ಕೊಡ್ತೀನಿ." ಆಮೇಲೆ ಅಳಿಯನ ಕಡೆ ತಿರುಗಿದರು. ಅವನು ಕಣ್ಣು ಮುಚ್ಚಿಕೊಂಡ. "ಅಳಿಯಂದಿರೇ, ತಮ್ಮ ಹೊಸ ಯಜಮಾನರು ಎಷ್ಟು ಹೊತ್ತಿಗೆ ಬರ್ತಾರೆ?"

"ಸಾಯಂಕಾಲ, ಮಾವ."

"ನಡೀರಿ. ನಾನೂ ಬರ್ತೀನಿ. ಅವರನ್ನ ನೋಡಬೇಕು."

ತಳ್ಳುಗಾಡಿಯಲ್ಲಿ ಬೂದು ಪುಡಿಯ ಚೀಲಗಳು, ಅರೆಯದೆ ಉಳಿದ ಕರಿಯ ನುಚ್ಚಿನದೊಂದು. ಹಿಂದೆ ತಳ್ಳುತ್ತಿದ್ದವನು ಅಳಿಯ, ಪಕ್ಕದಲ್ಲಿ ದರ್ಜಿ, ಮುಂದೆ ಕೋಲೂರಿಕೊಂಡು ಮಾವ. ಮಾವ ದಾರಿಯಲ್ಲೂ ಬೈಯಲಿಲ್ಲ. ಕಲ್ಲಿನ ಲೆಕ್ಕ ಯಜಮಾನನ ಮುಂದೆ ಇಡುತ್ತಾರೆ, ಯಜಮಾನ ತನ್ನನ್ನು ಆಚೆ ಹಾಕುತ್ತಾನೆ, ಆಮೇಲೆ ಸವೆದ ಕಲ್ಲಿನ ಮುಂದೆ ಕೂತು ಜೀವಮಾನವಿಡೀ ಬಹುವಚನ ಕೇಳಬೇಕು. ಹೀಗೆ ಯೋಚಿಸುತ್ತ ಅಳಿಯ ಗಾಡಿ ತಳ್ಳಿದ. ಗಾಡಿ ಅಂದು ಯಾಕೋ ಇಳಿಜಾರಿನಲ್ಲೂ ಭಾರವಾಗಿತ್ತು.

ಯಜಮಾನ ಆಗಲೇ ಬಂದಿದ್ದ. ತಾಯಿಯ ಆಪರೇಷನ್ ಚೆನ್ನಾಗಿ ಆಗಿದ್ದರಿಂದ ನಗುಮುಖದಲ್ಲಿದ್ದ. ಸಾಹೇಬರೂ ಬಂದು ಮೇಜಿನ ಮೇಲೆ ಪೆಟ್ಟಿಗೆಯಂಥ ಯಂತ್ರ ಇಟ್ಟಿದ್ದರು. ಪಕ್ಕದಲ್ಲಿ ಸಣ್ಣ ಸಣ್ಣ ಬಟ್ಟಲು, ಒಂದು ಚಮಚ.

"ಬಾರಯ್ಯ, ಫಿಲ್ಟರ್ ಎಲ್ಲಿ?"

ಅಳಿಯ ಚೀಲಗಳ ಕಡೆ ಕೈ ತೋರಿಸಿದ.

"ಇದೇನು?"

"ಪುಡಿ."

"ಯಾವುದರದ್ದು?"

"ಎಲ್ಲದರದ್ದೂ."

ಯಜಮಾನನ ನಗು ಮೊದಲು ತುಟಿಯಿಂದ ಹೋಯಿತು, ಆಮೇಲೆ ಕಣ್ಣಿನಿಂದ. ಓಡಿ ಶೆಡ್ಡಿಗೆ ಹೋಗಿ ನೋಡಿದ. ಕತ್ತರಿಸಿದ ಖಾಲಿ ಡಬ್ಬಿಗಳು ಮೂರು ರಾಶಿಯಾಗಿ, ನಂಬರುಗಳು ಕಾಣುವಂತೆ ಅಚ್ಚುಕಟ್ಟಾಗಿ ಕೂತಿದ್ದವು. ವಾಪಸು ಬಂದು ತಲೆಯ ಮೇಲೆ ಕೈ ಹೊತ್ತು ಟೈರಿನ ಮೇಲೆ ಕುಸಿದ.

"ಒಂದೊಂದರಿಂದ ಒಂದು ಚಮಚ ಕಣಯ್ಯಾ! ಒಂದು ಚಮಚ! ಯಾವುದರಲ್ಲಿ ಎಷ್ಟು ಸರಕಿದೆ ಅಂತ ತಿಳಿಯೋಕೆ! ಬೆಲೆ ಇರೋದು, ಇಲ್ಲದ್ದು ಎಲ್ಲ ಒಂದೇ ಅಂಬಲಿ ಮಾಡಿಟ್ಟಿದೀಯಲ್ಲೋ!"

"ನಾನು ಕೇಳಿದ್ದೆ, ಎಷ್ಟು ಅಂತ," ಎಂದ ಪಂಕ್ಚರಿನವನು. ಯಾರೂ ಅವನತ್ತ ತಿರುಗಲಿಲ್ಲ.

ಮಾವ ಗಂಟಲು ಸರಿಪಡಿಸಿಕೊಂಡರು. "ಯಜಮಾನರೇ, ನಮ್ಮ ಗಿರಣಿ ಕಲ್ಲಿನ ವಿಚಾರ ಒಂದಿದೆ."

ಸಾಹೇಬರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅಷ್ಟು ಹೊತ್ತೂ ಅವರು ಒಂದು ಚೀಲದ ಬಾಯಿ ಬಿಚ್ಚಿ ಪುಡಿಯನ್ನು ಬೆರಳಲ್ಲಿ ಉಜ್ಜುತ್ತಿದ್ದರು. ಮೇಲಿನಿಂದ ಒಂದು ಚಮಚ ತೆಗೆದು ಯಂತ್ರಕ್ಕೆ ಇಟ್ಟು ನೋಡಿದರು. ಅದೇ ಚೀಲದ ತಳದಿಂದ ಇನ್ನೊಂದು ಚಮಚ ತೆಗೆದು ಇಟ್ಟರು. ಆಮೇಲೆ ನಡುವಿನಿಂದ. ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದರಲ್ಲಿ ಒಂದಷ್ಟು ಗೋಧಿ ಇದ್ದ ಹಾಗಿದೆ," ಎಂದರು.

"ಇದೆ ಸಾಹೇಬರೇ," ಎಂದ ಅಳಿಯ, ತಲೆ ತಗ್ಗಿಸಿ.

"ಗೋಧಿಗೆ ನಾನು ದುಡ್ಡು ಕೊಡಲ್ಲ. ಅದಿರಲಿ, ಇದನ್ನ ಬೀಸಿದ್ದು ಯಾರು?"

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಾವ ಒಂದು ಹೆಜ್ಜೆ ಮುಂದೆ ಬಂದರು. "ನಮ್ಮ ಗಿರಣಿ. ಏನಾದ್ರೂ ತಪ್ಪಾಗಿದ್ರೆ ನನ್ನನ್ನ ಕೇಳಿ."

ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಒಳಗೆ ಬನ್ನಿ ಹಿರಿಯರೇ, ಕೂತು ಮಾತಾಡೋಣ. ಯಜಮಾನರೇ, ನೀವೂ ಬನ್ನಿ." ಮೂವರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ಅಳಿಯ, ದರ್ಜಿ, ಪಂಕ್ಚರಿನವನು ಆಸ್ಪತ್ರೆಯ ವರಾಂಡದಲ್ಲಿ ಕೂತವರಂತೆ ಕೂತರು. ಮೊದಲು ಯಜಮಾನನ ಏರುದನಿ ಕೇಳಿತು. ಆಮೇಲೆ ಸಾಹೇಬರ ಇಳಿದನಿ. ಆಮೇಲೆ ಬಹಳ ಹೊತ್ತು ಮಾವನ ದನಿ.

"ಪೊಲೀಸ್ ಕರೆಸಬಹುದು," ಎಂದ ದರ್ಜಿ. "ನಾನು ಬರೀ ಅಳತೆ ತಗೊಂಡೋನು ಅಂತ ಹೇಳು."

ಅಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ಯಜಮಾನನದು, ಸಾಹೇಬರದು, ಕೊನೆಗೆ ಮೂರನೆಯ ಒಂದು ನಗು. ಆ ನಗುವನ್ನು ಅಳಿಯ ಗುರುತಿಸಲಿಲ್ಲ. ಅತ್ತೆ ಹೋದ ಮೇಲೆ ಅದು ಕೇಳಿಬಂದದ್ದು ಅದೇ ಮೊದಲು.

ಬಾಗಿಲು ತೆರೆಯಿತು. ಯಜಮಾನ ನೇರವಾಗಿ ಬಂದು ಅಳಿಯನ ಬೆನ್ನು ತಟ್ಟಿದ. "ನಿನ್ನ ಅದೃಷ್ಟ ದೊಡ್ಡದು ಕಣಯ್ಯ! ಬಿಡಿಬಿಡಿಯಾಗಿ ಕೊಟ್ಟ ನುಚ್ಚಿನಲ್ಲಿ ಯಂತ್ರ ಒಂದೊಂದು ಸಲ ಒಂದೊಂದು ಮಾತು ಹೇಳುತ್ತಂತೆ. ಊರೂರಲ್ಲೂ ಸಾಹೇಬರಿಗೆ ಮಾರೋರ ಜೊತೆ ಜಗಳ. ಈ ಚೀಲದಲ್ಲಿ ತಳಕ್ಕೂ ಒಂದೇ ಮಾತು, ಮೇಲಕ್ಕೂ ಒಂದೇ ಮಾತು. ಇವತ್ತಿನದರಲ್ಲಿ ನನಗೆ ಪೆಟ್ಟು ಬಿತ್ತು, ಹೋಗಲಿ. ಆದ್ರೆ ಇನ್ನು ಮೇಲೆ ಸುತ್ತಲ ಊರಿನ ಫಿಲ್ಟರೆಲ್ಲ ಇದೇ ರೀತಿ ಪುಡಿಯಾಗಿಯೇ ಹೋಗಬೇಕಂತೆ. ಜಾತಿ ವಿಂಗಡಿಸೋಕೂ ಬಂದು, ಬೀಸೋಕೂ ಬರೋ ಆಳು ಎಲ್ಲಿ ಸಿಕ್ತಾನೆ? ನೀನು ಕಾಯಂ. ನಾಳೆಯಿಂದ ನೀನು ನಮ್ಮ ಆಳು. ಸಂಬಳ ಕೊಡೋನು ನಾನು."

ಅಳಿಯನ ಮಸಿಯ ಕನ್ನಡಕದ ಒಳಗಿನಿಂದ ಎರಡು ಹನಿ ಇಳಿದು, ಕೆನ್ನೆಯ ಮೇಲೆ ಎರಡು ಬಿಳಿ ಗೀಟು ಎಳೆದವು. ಮಾವ ಸಾಹೇಬರ ಜೊತೆ ಇನ್ನೇನೋ ಮಾತಾಡುತ್ತ ಒಳಗೇ ಉಳಿದಿದ್ದರು. ಅವರ ಮುಖ ನೋಡಲು ಧೈರ್ಯವಾಗದೆ ಅಳಿಯ ಮನೆಯ ಕಡೆ ಓಡಿದ. "ಗುಜರಿ ಮೇನೇಜರ್ ಸಾಹೇಬ್ರೇ, ನಿಧಾನ!" ಎಂದು ಹಿಂದಿನಿಂದ ದರ್ಜಿ ಕೂಗಿದ. ಆ ಹೆಸರು ಕಿವಿಗೆ ಸಕ್ಕರೆಯಾಗಿತ್ತು.

ಹೆಂಡತಿ ಬಿಸಿನೀರು, ಸೋಪು ಕೊಟ್ಟಳು. ಅವನು ಮುಖ ತೊಳೆಯುತ್ತಲೇ ಎಲ್ಲವನ್ನೂ ಹೇಳಿದ. "ಮುಗೀತು ಕಣೇ. ಇನ್ನು ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ಕಲ್ಲಿನ ಋಣ ಸಂಬಳದಲ್ಲಿ ತೀರಿಸಿಬಿಡ್ತೀನಿ. ಆದ್ರೆ ಆ 'ಅಳಿಯಂದಿರೇ' ಅನ್ನೋ ಮಾತು ಇನ್ನು ಈ ಕಿವಿ ಕೇಳಲ್ಲ."

"ಅಪ್ಪನಿಗೆ ಪಾಪ ಬೇಜಾರಾಗಿರುತ್ತೆ," ಎಂದಳು ಆಕೆ.

"ನನಗೂ ಬೇಜಾರೇ," ಎಂದ ಅಳಿಯ. ಸುಳ್ಳಲ್ಲ, ಸಂತೋಷ ಹೊಟ್ಟೆ ತುಂಬ ಇದ್ದಾಗ ಮನುಷ್ಯನಿಗೆ ಬೇರೆಯವರಿಗಾಗಿ ಬೇಜಾರು ಪಡುವುದು ಸುಲಭ.

ಮಾವ ಬಂದರು. ಬಹಳ ದಿನಗಳ ಮೇಲೆ ಮನೆಯೊಳಗೆ ಕೂತು ಊಟಕ್ಕೆ ತಟ್ಟೆ ಹಾಕಿಸಿಕೊಂಡರು. ಮಗಳು ಬಡಿಸಿದ್ದನ್ನೆಲ್ಲ ಉಂಡರು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು. ಕೈ ತೊಳೆದು ಬಂದು ಕೂತು ಅಳಿಯನನ್ನು ಕರೆದರು.

"ನಾಳೆ ಬೆಳಿಗ್ಗೆ ಸ್ವಲ್ಪ ಬೇಗ ಏಳಿ. ಸಾಹೇಬರು ಉಕ್ಕಿನ ಪೀಪಾಯಿ ಕಳಿಸ್ತಾರಂತೆ, ಒಳಗೆ ಉಕ್ಕಿನ ಗುಂಡು ಉರುಳಿ ಪುಡಿ ಮಾಡೋದು. ಕಲ್ಲು ಕಿತ್ತು ಜಾಗ ಮಾಡಬೇಕು."

"ಎಲ್ಲಿ, ಮಾವ?"

"ಎಲ್ಲಿ ಅಂದ್ರೆ? ನಮ್ಮ ಗಿರಣಿಯಲ್ಲಿ. ಹಿಟ್ಟು ಬೀಸೋದು ಇನ್ನು ಆಗೋ ಮಾತಲ್ಲ, ಜನ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಗಿರಣೀನ ಈ ಪುಡಿ ಕೆಲಸಕ್ಕೇ ಬಿಟ್ಟುಕೊಟ್ಟೆ. ನಡೆಸೋ ಮೇಲುಸ್ತುವಾರಿ ನನ್ನದು. ಆಳು ಗುಜರಿಯವರದು. ನಿಮ್ಮ ಯ‌ಜಮಾನರು ಹೇಳಲಿಲ್ವಾ?"

ಅಳಿಯ ಹೆಂಡತಿಯ ಕಡೆ ನೋಡಿದ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಗುತ್ತಿದ್ದಳೋ ಏನೋ, ಬೆನ್ನಿನಿಂದ ಗೊತ್ತಾಗಲಿಲ್ಲ.

"ಉಕ್ಕಿನ ಪೀಪಾಯಿ ಕಲ್ಲಿಗಿಂತ ಜೋರಾಗಿ ಸದ್ದು ಮಾಡುತ್ತಂತೆ," ಎಂದರು ಮಾವ, ತೃಪ್ತಿಯಿಂದ. "ಒಂದು ವಿಚಾರದಲ್ಲಿ ಮಾತ್ರ ನನ್ನ ಮನಸ್ಸಿಗೆ ಸಮಾಧಾನ ಇರಲಿಲ್ಲ. ನಾಳೆಯಿಂದ ತಾವು ಬೇರೆಯವರ ಆಳು. ಬೇರೆಯವರ ಆಳನ್ನ ಬೈಯೋ ಹಕ್ಕು ನನಗಿಲ್ಲ. ನ್ಯಾಯ ಅಂದ್ರೆ ನ್ಯಾಯ."

ಅಳಿಯನ ಎದೆಯಲ್ಲಿ ಆರುತ್ತಿದ್ದ ದೀಪ ಒಂದು ಸಲ ಮೇಲೆದ್ದಿತು. "ಹೌದು ಮಾವ," ಎಂದ.

"ಅದಕ್ಕೇ ಅಳಿಯಂದಿರೇ, ಹೊರಡೋ ಮುಂಚೆ ಯಜಮಾನರನ್ನ ಕೇಳಿ ಅವರ ಒಪ್ಪಿಗೆ ತಗೊಂಡುಬಂದೆ."